ವೈಯಕ್ತಿಕ ಯೋಗಚಿಕಿತ್ಸೆ ಮತ್ತು ವ್ಯಕ್ತಿವಿಕಾಸ: ಮೈಸೂರು ಪರಂಪರೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

‘ಯೋಗಚಿಕಿತ್ಸೆ’ ಎಂಬ ಪದ ಇಂದು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ನಿರ್ದಿಷ್ಟ ರೋಗಕ್ಕೆ ನಿರ್ದಿಷ್ಟ ಆಸನ, ಪ್ರಾಣಾಯಾಮಗಳನ್ನು ವಿಧಿಸುವುದು ಮೊದಲನೆಯ ಅರ್ಥ. ಮಧುಮೇಹಕ್ಕೆ ಇಂತಿಂಥ ಆಸನಗಳು, ಬೆನ್ನುನೋವಿಗೆ ಇಂತಿಂಥವು ಎಂದು ಪಟ್ಟಿ ಕೊಡುವ ಕೈಪಿಡಿಗಳು ಈ ಅರ್ಥವನ್ನೇ ಆಶ್ರಯಿಸಿವೆ. ರೋಗವನ್ನು ಹೊತ್ತು ಬಂದ ವ್ಯಕ್ತಿಯನ್ನು ಕೇಂದ್ರದಲ್ಲಿರಿಸಿ, ಆತನ ವಯಸ್ಸು, ವೃತ್ತಿ, ದೇಹಬಲ, ಮನಃಸ್ಥಿತಿ, ಮನೆಯ ಪರಿಸ್ಥಿತಿಗಳಿಗೆ ಅನುಗುಣವಾಗಿ ಸಾಧನೆಯನ್ನು ರೂಪಿಸಿಕೊಡುವುದು ಎರಡನೆಯ ಅರ್ಥ. ಒಬ್ಬ ಚಿಕಿತ್ಸಕ ಒಬ್ಬ ವ್ಯಕ್ತಿಯೊಡನೆ ಕುಳಿತು ನಡೆಸುವ ಈ ಎರಡನೆಯ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ‘ವೈಯಕ್ತಿಕ ಯೋಗಚಿಕಿತ್ಸೆ’ ಎಂದು ಕರೆಯಲಾಗಿದೆ.

ಈ ಕ್ರಮದಲ್ಲಿ ನೆರವು ಬಯಸಿ ಬರುವವರನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಆರಂಭದಲ್ಲಿಯೇ ಎದುರಾಗುತ್ತದೆ. ‘ರೋಗಿ’ ಎಂದರೆ ರೋಗವೇ ಮುಂದಾಗಿ ವ್ಯಕ್ತಿ ಮರೆಯಾಗುತ್ತಾನೆ. ‘ಶಿಷ್ಯ’ ಎಂದರೆ ಗುರುವಿನ ಆಜ್ಞೆಗೆ ಒಳಗಾದವನೆಂಬ ಧ್ವನಿ ಬರುತ್ತದೆ. ‘ಗ್ರಾಹಕ’ ಎಂಬುದು ಅಂಗಡಿಯ ಮಾತು. ಆದ್ದರಿಂದ ‘ಚಿಕಿತ್ಸಾರ್ಥಿ’ ಎಂಬ ಪದವನ್ನು ಇಲ್ಲಿ ಬಳಸಲಾಗಿದೆ. ‘ಅರ್ಥಿ’ ಎಂದರೆ ಬಯಸಿದವನು. ಬಯಕೆ ಆತನದು, ಪ್ರಯತ್ನವೂ ಆತನದೇ ಎಂಬ ಸೂಚನೆ ಈ ಪದದಲ್ಲಿದೆ.

‘ವ್ಯಕ್ತಿತ್ವ ವಿಕಸನ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಹೇರಳವಾಗಿ ಪ್ರಕಟವಾದ ಪುಸ್ತಕಗಳು ಸಂದರ್ಶನ ಎದುರಿಸುವ ಬಗೆ, ಭಾಷಣಕಲೆ, ಸಮಯಪಾಲನೆ ಮುಂತಾದ ಲೌಕಿಕ ಯಶಸ್ಸಿನ ಉಪಾಯಗಳನ್ನು ಹೇಳುತ್ತವೆ. ಈ ಲೇಖನದಲ್ಲಿ ಬರುವ ‘ವ್ಯಕ್ತಿವಿಕಾಸ’ದ ಅರ್ಥ ಅದಕ್ಕಿಂತ ಭಿನ್ನವಾದುದು. ತನ್ನ ದೇಹ, ಉಸಿರು, ಮನಸ್ಸುಗಳ ಚಲನೆಯನ್ನು ತಾನೇ ಗಮನಿಸುವ ಶಕ್ತಿ, ಅಭ್ಯಾಸಬಲದಿಂದ ಬರುವ ಪ್ರತಿಕ್ರಿಯೆಯನ್ನು ತಡೆದು ಬೇರೊಂದನ್ನು ಆಯ್ದುಕೊಳ್ಳುವ ಶಕ್ತಿ, ತನ್ನ ಸಾಧನೆಯನ್ನು ತಾನೇ ಮುಂದುವರಿಸಿಕೊಂಡು ಹೋಗುವ ಶಕ್ತಿ ಎಂಬ ಮೂರನ್ನು ಅದು ಒಳಗೊಳ್ಳುತ್ತದೆ. ವೈಯಕ್ತಿಕ ಯೋಗಚಿಕಿತ್ಸೆ ಸರಿಯಾದ ದಾರಿಯಲ್ಲಿ ಸಾಗುತ್ತಿದೆಯೇ ಎಂಬುದನ್ನು ಅಳೆಯಲು ಈ ವಿಕಾಸವೇ ಮುಖ್ಯ ಮಾನದಂಡವೆಂಬುದನ್ನೂ, ಅದು ಕಾಣದಿದ್ದಲ್ಲಿ ಚಿಕಿತ್ಸೆಯು ಅವಲಂಬನೆಯಾಗಿ ಮಾರ್ಪಡುವ ಅಪಾಯವಿದೆಯೆಂಬುದನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಶಾಸ್ತ್ರೀಯ ನೆಲೆ

ವ್ಯಕ್ತಿಗೆ ತಕ್ಕಂತೆ ಸಾಧನೆ ಎಂಬ ವಿಚಾರಕ್ಕೆ ಪತಂಜಲಿಯ ಯೋಗಸೂತ್ರಗಳಲ್ಲಿಯೇ ಆಧಾರವಿದೆ. ಮೂರನೆಯ ಪಾದದ ಆರನೆಯ ಸೂತ್ರದಲ್ಲಿ ‘ವಿನಿಯೋಗ’ ಎಂಬ ಪದ ಬಂದಿದೆ. ಧಾರಣ, ಧ್ಯಾನ, ಸಮಾಧಿಗಳು ಒಂದುಗೂಡಿದ ಸಂಯಮವನ್ನು ಭೂಮಿಕೆಗಳಲ್ಲಿ, ಅಂದರೆ ಹಂತ ಹಂತವಾಗಿ ಅನ್ವಯಿಸಬೇಕೆಂಬುದು ಅದರ ತಾತ್ಪರ್ಯ. ಕೆಳಗಿನ ಮೆಟ್ಟಿಲನ್ನು ಹತ್ತದೆ ಮೇಲಿನದಕ್ಕೆ ಹಾರಲಾಗದು ಎಂದು ವ್ಯಾಖ್ಯಾನಕಾರರು ಇದನ್ನು ವಿಸ್ತರಿಸಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಪದ ವೈಯಕ್ತಿಕ ಯೋಗಬೋಧನೆಯ ಹೆಸರಾಗಿ ಪ್ರಚಾರಕ್ಕೆ ಬಂದುದು ಆಕಸ್ಮಿಕವಲ್ಲ.

ಯೋಗಕ್ಕೂ ವೈದ್ಯಕ್ಕೂ ಇರುವ ರಚನಾಸಾಮ್ಯವನ್ನು ವ್ಯಾಸಭಾಷ್ಯ ಸ್ಪಷ್ಟವಾಗಿ ಗುರುತಿಸಿದೆ. ಚಿಕಿತ್ಸಾಶಾಸ್ತ್ರದಲ್ಲಿ ರೋಗ, ರೋಗಹೇತು, ಆರೋಗ್ಯ, ಭೈಷಜ್ಯ ಎಂಬ ನಾಲ್ಕು ವಿಭಾಗಗಳಿರುವಂತೆ ಯೋಗಶಾಸ್ತ್ರದಲ್ಲಿ ಹೇಯ, ಹೇಯಹೇತು, ಹಾನ, ಹಾನೋಪಾಯ ಎಂಬ ನಾಲ್ಕು ವ್ಯೂಹಗಳಿವೆ. ಬಿಡಬೇಕಾದುದು ದುಃಖ. ಪತಂಜಲಿಯು ಅದರ ಹೇತುವನ್ನು ದೇಹದ ಯಾವುದೋ ಅಂಗದಲ್ಲಿ ಹುಡುಕದೆ, ನೋಡುವವನು ಮತ್ತು ನೋಡಲ್ಪಡುವುದು ಒಂದೇ ಎಂಬ ತಪ್ಪು ತಿಳಿವಳಿಕೆಯಲ್ಲಿ ಕಾಣುತ್ತಾನೆ. ಹೀಗಾಗಿ ಈ ಶಾಸ್ತ್ರದಲ್ಲಿ ಗುಣವಾಗುವುದೆಂದರೆ ನೋಟ ತಿಳಿಯಾಗುವುದು.

ಮೊದಲನೆಯ ಪಾದದಲ್ಲಿ ಹೇಳಿರುವ ಒಂಬತ್ತು ಅಂತರಾಯಗಳೂ ಗಮನಾರ್ಹವಾಗಿವೆ. ವ್ಯಾಧಿಯು ಅವುಗಳಲ್ಲಿ ಮೊದಲನೆಯದು ಮಾತ್ರ. ಸ್ತ್ಯಾನ, ಸಂಶಯ, ಪ್ರಮಾದ, ಆಲಸ್ಯ, ಅವಿರತಿ, ಭ್ರಾಂತಿದರ್ಶನ, ಹಂತವನ್ನು ಮುಟ್ಟಲಾರದಿರುವಿಕೆ, ಮುಟ್ಟಿದ ಹಂತದಲ್ಲಿ ನಿಲ್ಲಲಾರದಿರುವಿಕೆ ಎಂಬ ಉಳಿದ ಎಂಟೂ ಮನಸ್ಸಿನ ಸ್ಥಿತಿಗಳು. ಈ ವಿಕ್ಷೇಪಗಳ ಸಂಗಾತಿಗಳಾಗಿ ದುಃಖ, ದೌರ್ಮನಸ್ಯ, ಅಂಗಗಳ ನಡುಕ ಮತ್ತು ಉಸಿರಾಟದ ಅಸ್ತವ್ಯಸ್ತತೆಗಳನ್ನು ಮುಂದಿನ ಸೂತ್ರ ಹೆಸರಿಸುತ್ತದೆ. ಒಳಗಿನ ಕ್ಷೋಭೆ ಹೊರಗೆ ದೇಹದಲ್ಲಿಯೂ ಉಸಿರಿನಲ್ಲಿಯೂ ಕಾಣಿಸಿಕೊಳ್ಳುತ್ತದೆಂಬ ಈ ತಿಳಿವಳಿಕೆಯೇ ಯೋಗಚಿಕಿತ್ಸಕನ ಪರೀಕ್ಷಾಕ್ರಮಕ್ಕೆ ಬುನಾದಿ.

ತೈತ್ತಿರೀಯೋಪನಿಷತ್ತಿನ ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ ಎಂಬ ವಿಂಗಡಣೆಯೂ, ಯೋಗವಾಸಿಷ್ಠದಲ್ಲಿ ಬರುವ ಆಧಿ ಮತ್ತು ವ್ಯಾಧಿಗಳ ವಿವೇಚನೆಯೂ ಇದೇ ದಿಕ್ಕಿನವು. ಮನಸ್ಸಿನ ಆಧಿಯು ಪ್ರಾಣದ ಗತಿಯನ್ನು ಕೆಡಿಸಿ, ಕ್ರಮೇಣ ದೇಹದಲ್ಲಿ ವ್ಯಾಧಿಯಾಗಿ ಇಳಿಯುತ್ತದೆ ಎಂಬ ವಾಸಿಷ್ಠದ ನಿರೂಪಣೆಯನ್ನು ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು ತನ್ನ ಸಮಗ್ರ ಯೋಗಚಿಕಿತ್ಸಾ ಪದ್ಧತಿಯ ತಳಹದಿಯಾಗಿ ಬಳಸಿಕೊಂಡಿದೆ. ಎಲ್ಲ ವ್ಯಾಧಿಗಳೂ ಆಧಿಯಿಂದಲೇ ಹುಟ್ಟುತ್ತವೆಂದು ಈ ಗ್ರಂಥ ಹೇಳುವುದಿಲ್ಲ, ಆಧಿಜವಲ್ಲದ ವ್ಯಾಧಿಗಳನ್ನೂ ಅದು ಒಪ್ಪುತ್ತದೆ ಎಂಬ ಅಂಶವನ್ನು ಅನೇಕರು ಮರೆಯುತ್ತಾರೆ. ಕಾಯಿಲೆಗೆ ಕಾಯಿಲೆ ಬಿದ್ದವರ ಮನಸ್ಸೇ ಕಾರಣವೆಂದು ದೂರುವವರಿಗೆ ಶಾಸ್ತ್ರದ ಬೆಂಬಲವಿಲ್ಲ.

ಮೈಸೂರಿನಿಂದ ಮದರಾಸಿಗೆ

ಶಾಸ್ತ್ರದಲ್ಲಿದ್ದ ಈ ತತ್ತ್ವ ಆಧುನಿಕ ಕಾಲದಲ್ಲಿ ಒಂದು ಕಾರ್ಯಕ್ರಮವಾಗಿ ರೂಪುಗೊಂಡ ಬಗೆಯನ್ನು ಅರಿಯಲು ತಿರುಮಲೈ ಕೃಷ್ಣಮಾಚಾರ್ಯರ ಜೀವನವನ್ನು ನೋಡಬೇಕು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ಇವರು ಮೈಸೂರಿನ ಪರಕಾಲ ಮಠದ ಸಂಪರ್ಕದಲ್ಲಿ ಬೆಳೆದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಆರಂಭವಾದ ಯೋಗಶಾಲೆಯ ಹೊಣೆ ಇವರದಾಯಿತು. 1934ರ ‘ಯೋಗಮಕರಂದ’ ಮತ್ತು 1941ರ ‘ಯೋಗಾಸನಗಳು’ ಎಂಬ ಇವರ ಎರಡು ಕೃತಿಗಳು ಕನ್ನಡದಲ್ಲಿಯೇ ಪ್ರಕಟವಾದುವು ಎಂಬುದು ಕನ್ನಡ ಶಾಸ್ತ್ರಸಾಹಿತ್ಯದ ಚರಿತ್ರೆಯಲ್ಲಿ ಉಲ್ಲೇಖನೀಯ ಸಂಗತಿ. ಜಗತ್ತಿನಾದ್ಯಂತ ಹರಡಿದ ಒಂದು ಸಾಧನಾಕ್ರಮದ ಆರಂಭಿಕ ಪಠ್ಯಗಳು ಹೀಗೆ ಕನ್ನಡದಲ್ಲಿವೆ.

ಮೈಸೂರಿನ ಯೋಗಶಾಲೆಯಲ್ಲಿ ಎದುರಿಗಿದ್ದವರು ಬಹುಮಟ್ಟಿಗೆ ಬಾಲಕರು ಮತ್ತು ಯುವಕರು. ಉಸಿರಿಗೆ ಹೊಂದಿಕೊಂಡು ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ವಿನ್ಯಾಸಕ್ರಮವೂ, ಸಭೆಗಳಲ್ಲಿ ನಡೆಯುತ್ತಿದ್ದ ಪ್ರದರ್ಶನಗಳೂ ಈ ಕಾಲಕ್ಕೆ ಸೇರಿವೆ. ನಾರ್ಮನ್ ಸ್ಯೋಮನ್ 1996ರಲ್ಲಿಯೂ, ಮಾರ್ಕ್ ಸಿಂಗಲ್ಟನ್ 2010ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳು ಈ ಯೋಗಶಾಲೆಗೂ ಅಂದಿನ ವ್ಯಾಯಾಮ ಸಂಸ್ಕೃತಿಗೂ ಇದ್ದ ನಂಟನ್ನು ಚರ್ಚಿಸಿವೆ. ಇಲ್ಲಿ ಕಲಿತ ಕೆ. ಪಟ್ಟಾಭಿ ಜೋಯಿಸರು ನಿಗದಿತ ಕ್ರಮದ ಅಷ್ಟಾಂಗ ವಿನ್ಯಾಸವನ್ನು ಮೈಸೂರಿನಲ್ಲಿಯೇ ಬೆಳೆಸಿದರು. ಬಾಲ್ಯದಲ್ಲಿ ತೀವ್ರ ಅನಾರೋಗ್ಯ ಅನುಭವಿಸಿ, 1934ರಲ್ಲಿ ಮೈಸೂರಿಗೆ ಬಂದ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರರು ಮುಂದೆ ಪುಣೆಯಲ್ಲಿ ನೆಲೆಸಿ, ಹಗ್ಗ, ಇಟ್ಟಿಗೆ, ಕುರ್ಚಿ, ಪಟ್ಟಿಗಳ ನೆರವಿನಿಂದ ಅಶಕ್ತರಿಗೂ ಆಸನಗಳನ್ನು ಎಟುಕುವಂತೆ ಮಾಡಿದರು. ಒಂದೇ ಗುರುವಿನಿಂದ ಇಷ್ಟು ಭಿನ್ನ ಮಾರ್ಗಗಳು ಹೊರಟುದನ್ನು ಪರಂಪರೆಯ ಒಡಕೆಂದು ಕೆಲವರು ಭಾವಿಸುವುದುಂಟು. ವಯಸ್ಸು, ಶಕ್ತಿ ಮತ್ತು ಸಂದರ್ಭಗಳಿಗೆ ತಕ್ಕಂತೆ ಬೋಧನೆ ಬದಲಾದುದರ ಫಲವೆಂದು ಅದನ್ನು ಕಾಣುವುದು ಹೆಚ್ಚು ಸಮಂಜಸ.

1950ರಲ್ಲಿ ಯೋಗಶಾಲೆ ಮುಚ್ಚಿತು. 1950ರ ದಶಕದ ಆರಂಭದಲ್ಲಿ ಕೃಷ್ಣಮಾಚಾರ್ಯರು ಮದರಾಸಿಗೆ ಹೋದರು. ಪಾರ್ಶ್ವವಾಯುವಿಗೆ ತುತ್ತಾಗಿದ್ದ ಅಲ್ಲಿನ ಒಬ್ಬ ಪ್ರಸಿದ್ಧ ನ್ಯಾಯವಾದಿಗೆ ಚಿಕಿತ್ಸೆ ನೀಡಲು ಬಂದ ಆಹ್ವಾನ ಇದಕ್ಕೆ ಸಂಬಂಧಿಸಿತ್ತು. ಅರಮನೆಯ ಯೋಗಶಾಲೆ ಹಿಂದುಳಿಯಿತು. ಗೃಹಸ್ಥರು, ವೃದ್ಧರು, ಸ್ತ್ರೀಯರು, ರೋಗಪೀಡಿತರು ಒಬ್ಬೊಬ್ಬರಾಗಿ ಬರತೊಡಗಿದರು. ಮೈಸೂರಿನಲ್ಲಿ 1938ರಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದಿದ್ದ ಮಗ ಟಿ.ಕೆ.ವಿ. ದೇಶಿಕಾಚಾರ್ ಅವರು ತಂದೆಯ ಬಳಿ ಶಿಷ್ಯತ್ವ ವಹಿಸಿದುದು ಈ ಮದರಾಸಿನ ಅವಧಿಯಲ್ಲಿಯೇ. 1976ರಲ್ಲಿ ಅವರು ಸ್ಥಾಪಿಸಿದ ಕೃಷ್ಣಮಾಚಾರ್ಯ ಯೋಗಮಂದಿರವು ಒಬ್ಬ ಶಿಕ್ಷಕ, ಒಬ್ಬ ಚಿಕಿತ್ಸಾರ್ಥಿ ಎಂಬ ಕ್ರಮವನ್ನು ಸಾಂಸ್ಥಿಕವಾಗಿ ನೆಲೆಗೊಳಿಸಿತು. ಕೃಷ್ಣಮಾಚಾರ್ಯರು ನೂರು ವರ್ಷ ತುಂಬಿಸಿ 1989ರಲ್ಲಿ ನಿಧನರಾದರು. ದೇಶಿಕಾಚಾರ್ ಅವರು 2016ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಈ ಕ್ರಮ ಯೂರೋಪು ಮತ್ತು ಅಮೆರಿಕಗಳಲ್ಲಿ ಬೇರೂರಿತ್ತು.

ಈ ಪರಂಪರೆಯಲ್ಲಿ ಬೋಧನೆಯ ಕ್ರಮಗಳನ್ನು ಉದ್ದೇಶಾನುಸಾರ ವಿಂಗಡಿಸಲಾಗಿದೆ. ಬೆಳೆಯುವ ಮಕ್ಕಳಿಗೆ ಸೃಷ್ಟಿಕ್ರಮ, ಪರಿಪೂರ್ಣತೆಯ ಕಲಿಕೆಗೆ ಶಿಕ್ಷಣಕ್ರಮ, ಸಂಸಾರಭಾರ ಹೊತ್ತವರ ಆರೋಗ್ಯ ಕಾಪಾಡಲು ರಕ್ಷಣಕ್ರಮ, ಪೀಡಿತರಿಗೆ ಚಿಕಿತ್ಸಾಕ್ರಮ, ಅಂತರ್ಮುಖರಾದವರಿಗೆ ಆಧ್ಯಾತ್ಮಿಕಕ್ರಮ. ಇವು ಒಂದರಿಂದೊಂದು ಬೇರ್ಪಟ್ಟ ಕೋಣೆಗಳಾಗಿಲ್ಲ. ಚಿಕಿತ್ಸಾಕ್ರಮದಲ್ಲಿ ಬಂದವರು ಚೇತರಿಸಿಕೊಂಡು ರಕ್ಷಣಕ್ರಮಕ್ಕೂ, ಮುಂದೆ ಬಯಸಿದರೆ ಆಧ್ಯಾತ್ಮಿಕಕ್ರಮಕ್ಕೂ ಸಾಗುತ್ತಾರೆ. ವ್ಯಕ್ತಿವಿಕಾಸದ ಸಾಧ್ಯತೆ ಈ ಸಾಗುವಿಕೆಯಲ್ಲಿಯೇ ಅಡಗಿದೆ.

ಚಿಕಿತ್ಸೆಯ ಕ್ರಮ

ವೈಯಕ್ತಿಕ ಯೋಗಚಿಕಿತ್ಸೆಯ ಮೊದಲ ಭೇಟಿಯಲ್ಲಿ ಪ್ರಶ್ನೆ, ದರ್ಶನ ಮತ್ತು ಆಲಿಸುವಿಕೆಗಳೇ ಪ್ರಧಾನ. ವೈದ್ಯರ ತಪಾಸಣೆಯ ಫಲಿತಾಂಶ, ಸೇವಿಸುತ್ತಿರುವ ಔಷಧಿ, ನಿದ್ರೆ, ಆಹಾರ, ದಿನಚರಿಗಳನ್ನು ಕೇಳಿ ತಿಳಿದ ಮೇಲೆ, ಕೆಲವು ಸರಳ ಚಲನೆಗಳನ್ನು ಮಾಡಿಸಿ ನೋಡಲಾಗುತ್ತದೆ. ಕೈಯೆತ್ತುವಾಗ ಉಸಿರು ತಾನಾಗಿ ಒಳಬರುತ್ತದೆಯೇ, ಹಿಡಿದು ನಿಲ್ಲುತ್ತದೆಯೇ? ಬಾಗುವಾಗ ದವಡೆ ಬಿಗಿಯಾಗುತ್ತದೆಯೇ? ರೇಚಕ ಮುಗಿಯುವ ಮುನ್ನವೇ ಪೂರಕಕ್ಕೆ ಅವಸರವಿದೆಯೇ? ಇಂತಹ ಸಣ್ಣ ಸಂಗತಿಗಳು ರೋಗದ ಹೆಸರಿಗಿಂತ ಹೆಚ್ಚಿನದನ್ನು ತಿಳಿಸುತ್ತವೆ.

ಎರಡನೆಯದು ಸಾಧನಾಕ್ರಮದ ರಚನೆ. ಆಯುರ್ವೇದದಿಂದ ಬಂದ ಬೃಂಹಣ ಮತ್ತು ಲಂಘನ ಎಂಬ ಎರಡು ಪರಿಕಲ್ಪನೆಗಳು ಇಲ್ಲಿ ಮಾರ್ಗದರ್ಶಕ. ಪೂರಕಕ್ಕೆ ಒತ್ತು ಕೊಡುವ, ಎದೆಯನ್ನು ತೆರೆಯುವ ಚಲನೆಗಳು ಬೃಂಹಣ. ಬಳಲಿದವರಿಗೆ, ಉತ್ಸಾಹ ಕುಗ್ಗಿದವರಿಗೆ ಅವು ಹಿತ. ರೇಚಕವನ್ನು ನೀಳವಾಗಿಸುವ, ಹೊಟ್ಟೆಯನ್ನು ಮೃದುವಾಗಿ ಒಳಗೊಯ್ಯುವ ಚಲನೆಗಳು ಲಂಘನ. ಉದ್ವೇಗ ಹೆಚ್ಚಿದವರಿಗೆ ಅವು ಹಿತ. ಆಸನಕ್ಕೆ ಪ್ರತಿಕ್ರಿಯಾಸನ, ಶ್ರಮಕ್ಕೆ ವಿರಾಮ, ಆರಂಭಕ್ಕೂ ಮುಕ್ತಾಯಕ್ಕೂ ಮೆಲ್ಲನೆಯ ದಾರಿ, ಇವು ವಿನ್ಯಾಸಕ್ರಮದ ನಿಯಮಗಳು. ಕ್ರಮವನ್ನು ಕಡ್ಡಿಯಾಕಾರದ ರೇಖಾಚಿತ್ರಗಳಲ್ಲಿ ಬರೆದುಕೊಡುವ ರೂಢಿಯನ್ನು ದೇಶಿಕಾಚಾರ್ ಅವರ ಶಿಷ್ಯವರ್ಗ ಬಳಕೆಗೆ ತಂದಿತು. ಚಿಕಿತ್ಸಾರ್ಥಿ ಆ ಹಾಳೆಯನ್ನು ಮನೆಗೊಯ್ದು ಒಂಟಿಯಾಗಿ ಅಭ್ಯಾಸ ಮಾಡಬೇಕು. ಚಿಕಿತ್ಸೆಯ ಬಹುಭಾಗ ಚಿಕಿತ್ಸಕನಿಲ್ಲದ ಸ್ಥಳದಲ್ಲಿ ನಡೆಯುತ್ತದೆ.

ಮೂರನೆಯದು ಪರಿಷ್ಕರಣೆ. ಒಂದೆರಡು ವಾರಗಳ ಬಳಿಕ ಚಿಕಿತ್ಸಾರ್ಥಿ ಮರಳಿ ಬಂದಾಗ ಏನನ್ನು ಮಾಡಲಾಯಿತು, ಏನನ್ನು ಮಾಡಲಾಗಲಿಲ್ಲ, ಏಕೆ ಎಂಬುದರ ಮೇಲೆ ಕ್ರಮ ಬದಲಾಗುತ್ತದೆ. ವಿಕಾಸದ ಕೆಲಸ ಬಹುಮಟ್ಟಿಗೆ ನಡೆಯುವುದು ಈ ಹಂತದಲ್ಲಿ.

ನಿದರ್ಶನಕ್ಕಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಐವತ್ತರ ಆಸುಪಾಸಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಕತ್ತು ಮತ್ತು ಭುಜಗಳ ನೋವು, ನಿದ್ರಾಹೀನತೆಗಳಿಗಾಗಿ ಬರುತ್ತಾರೆ. ವೈದ್ಯರು ಪರೀಕ್ಷಿಸಿ ಗಂಭೀರ ದೋಷವಿಲ್ಲವೆಂದಿದ್ದಾರೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯ ಆರೈಕೆ ಇವರದೇ. ಅಂಗಾತ ಮಲಗಿ ಪೂರಕದೊಡನೆ ಕೈಗಳನ್ನು ಮೇಲೆತ್ತುವುದು, ರೇಚಕದೊಡನೆ ಇಳಿಸುವುದು, ಆರಾರು ಬಾರಿ ದ್ವಿಪಾದಪೀಠ ಮತ್ತು ಅಪಾನಾಸನ, ಕೊನೆಯಲ್ಲಿ ಕುರ್ಚಿಯಲ್ಲಿ ಕುಳಿತು ನೀಳವಾದ ರೇಚಕ, ಹೀಗೆ ಹದಿನೈದು ನಿಮಿಷಗಳ ಕ್ರಮವನ್ನು ಕೊಡಲಾಗುತ್ತದೆ. ಎರಡು ವಾರಗಳ ನಂತರ ಬಂದವರು ಮೊದಲಿಗೆ ಹೇಳುವುದು, ನಾಲ್ಕು ದಿನ ತಪ್ಪಿಹೋಯಿತು, ಕ್ಷಮಿಸಬೇಕು ಎಂದು. ನೋವಿನ ಸಮಾಚಾರ ಆಮೇಲೆ ಬರುತ್ತದೆ. ಅಭ್ಯಾಸವನ್ನು ಅವರು ಪರೀಕ್ಷೆಯಂತೆ ಕಾಣುತ್ತಿರುವುದನ್ನು ಗಮನಿಸಿದ ಚಿಕಿತ್ಸಕಿ ಹೊಸ ಆಸನ ಸೇರಿಸುವುದಿಲ್ಲ. ಹದಿನೈದು ನಿಮಿಷದ್ದೊಂದು, ಐದು ನಿಮಿಷದ್ದೊಂದು, ಎರಡು ಕ್ರಮಗಳನ್ನು ಬರೆದುಕೊಟ್ಟು, ಆ ದಿನ ಯಾವುದು ಬೇಕೆಂಬುದನ್ನು ನೀವೇ ನಿರ್ಧರಿಸಿ, ಏಕೆ ನಿರ್ಧರಿಸಿದಿರೆಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿ ಎನ್ನುತ್ತಾರೆ.

ಮೊದಮೊದಲು ಆಯ್ಕೆಯೇ ಅವರಿಗೆ ಕಷ್ಟವೆನಿಸುತ್ತದೆ. ಕೆಲವು ವಾರಗಳಲ್ಲಿ ಬರೆಹ ಬದಲಾಗುತ್ತದೆ. ಅತ್ತೆ ಕರೆಯುವ ಮುನ್ನವೇ ಕರೆಯನ್ನು ನಿರೀಕ್ಷಿಸಿ ಭುಜಗಳು ಕಿವಿಯತ್ತ ಏರಿರುತ್ತವೆ ಎಂದು ಅವರೇ ಗುರುತಿಸುತ್ತಾರೆ. ಮೂರು ತಿಂಗಳ ಹೊತ್ತಿಗೆ ನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆದರೆ ವಾರಕ್ಕೆರಡು ರಾತ್ರಿ ತಾಯಿಯನ್ನು ನೋಡಿಕೊಳ್ಳುವಂತೆ ಮೈದುನನನ್ನು ಕೇಳಿ ಒಪ್ಪಿಸಿದ್ದಾರೆ. ಹಾಗೆ ಕೇಳಿರೆಂದು ಚಿಕಿತ್ಸಕಿ ಹೇಳಿಕೊಟ್ಟಿರಲಿಲ್ಲ. ಉಸಿರನ್ನು ಗಮನಿಸಲು ಕಲಿತವರು ತಮ್ಮ ಬಾಳನ್ನು ಗಮನಿಸಿದರು. ಅವರಿಗೆ ಬೇಕಾಗಿದ್ದುದನ್ನು ಚಿಕಿತ್ಸಕಿಯೇ ಊಹಿಸಿ ಮೊದಲ ವಾರದಲ್ಲಿ ಉಪದೇಶಿಸಿದ್ದರೆ ಅದು ಇನ್ನೊಂದು ಕರ್ತವ್ಯವಾಗಿ ಅವರ ಹೆಗಲಿಗೇರುತ್ತಿತ್ತು.

ವಿಕಾಸದ ಲಕ್ಷಣಗಳು ಮತ್ತು ಕನ್ನಡದ ನುಡಿ

ವಿಕಾಸವನ್ನು ಗುರುತಿಸಲು ನಾಲ್ಕು ಲಕ್ಷಣಗಳನ್ನು ಹೇಳಬಹುದು. ಮೊದಲನೆಯದು ವರದಿಯ ಸೂಕ್ಷ್ಮತೆ. ಬೆನ್ನು ನೋಯುತ್ತದೆ ಎನ್ನುತ್ತಿದ್ದವರು, ಸಂಜೆ ಬಸ್ಸಿಳಿದು ನಡೆಯುವಾಗ ಎಡಬದಿಯಲ್ಲಿ ಎಳೆಯುತ್ತದೆ, ಬೆಳಗ್ಗೆ ಇರುವುದಿಲ್ಲ ಎನ್ನತೊಡಗುತ್ತಾರೆ. ಎರಡನೆಯದು ಆಯ್ಕೆಯ ಸಾಮರ್ಥ್ಯ. ಕೊಟ್ಟದ್ದನ್ನು ಯಾಂತ್ರಿಕವಾಗಿ ಮಾಡದೆ, ಇಂದು ಇದು ಬೇಡವೆಂದು ಕಾರಣಸಹಿತ ಬಿಡುವುದೂ ಪ್ರಗತಿಯೇ. ಮೂರನೆಯದು ಸಂಬಂಧಗಳಲ್ಲಿನ ಬದಲಾವಣೆ. ಪತಂಜಲಿ ಹೇಳಿದ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳೆಂಬ ನಾಲ್ಕು ಭಾವನೆಗಳಿಗೆ ಇಲ್ಲಿ ಲೌಕಿಕ ಪ್ರಯೋಗವಿದೆ. ನಾಲ್ಕನೆಯದು ಭೇಟಿಗಳ ನಡುವಿನ ಅಂತರ. ವಾರಕ್ಕೊಮ್ಮೆ ಬರುತ್ತಿದ್ದವರಿಗೆ ಹದಿನೈದು ದಿನಕ್ಕೊಮ್ಮೆ, ಆ ಮೇಲೆ ತಿಂಗಳಿಗೊಮ್ಮೆ ಬಂದರೆ ಸಾಕೆನಿಸಬೇಕು. ವರ್ಷಗಟ್ಟಲೆ ಅದೇ ಅಂತರದಲ್ಲಿ ಬರುತ್ತಿದ್ದರೆ, ದೇಹ ಎಷ್ಟೇ ಬಾಗುವಂತಾಗಿದ್ದರೂ ಚಿಕಿತ್ಸಕ ತನ್ನನ್ನು ಪ್ರಶ್ನಿಸಿಕೊಳ್ಳಬೇಕು. ವಯೋಸಹಜ ಅಶಕ್ತಿ ಮತ್ತು ದೀರ್ಘಕಾಲಿಕ ವ್ಯಾಧಿಗಳ ಸಂದರ್ಭಗಳು ಇದಕ್ಕೆ ಹೊರತು.

ಕನ್ನಡ ಮಾತನಾಡುವವರ ನಡುವೆ ಕೆಲಸ ಮಾಡುವ ಚಿಕಿತ್ಸಕರಿಗೆ ಭಾಷೆಯೇ ಒಂದು ಉಪಕರಣ. ಎದೆ ಭಾರ, ಹೊಟ್ಟೆಯುರಿ, ಜೀವ ಹಿಂಡಿದಂತೆ, ಉಸಿರು ಕಟ್ಟಿದಂತೆ, ತಲೆಬಿಸಿ, ಕೈಕಾಲು ಬಿದ್ದುಹೋದಂತೆ ಮುಂತಾದ ನುಡಿಗಳಲ್ಲಿ ದೇಹ ಮತ್ತು ಮನಸ್ಸುಗಳನ್ನು ಬೇರೆ ಮಾಡಲಾಗದು. ಖಿನ್ನತೆ, ಆತಂಕ ಎಂಬ ಶಾಸ್ತ್ರೀಯ ಪದಗಳನ್ನು ಮುಂದಿಟ್ಟಾಗ ತನಗೆ ಅಂಥದ್ದೇನೂ ಇಲ್ಲವೆನ್ನುವವರು, ಎದೆ ಯಾವಾಗ ಭಾರವೆನಿಸುತ್ತದೆಂದು ಕೇಳಿದರೆ ವಿವರವಾಗಿ ಹೇಳಬಲ್ಲರು. ಸಾಧನೆಯ ನಂತರ ‘ಮೈ ಹಗುರವಾಯಿತು’ ಎಂಬ ಮಾತು ಬಂದಾಗ ಅದು ತೂಕದ ಮಾತಲ್ಲವೆಂಬುದು ಇಬ್ಬರಿಗೂ ಗೊತ್ತಿರುತ್ತದೆ. ಆತಂಕ, ಖಿನ್ನತೆಗಳನ್ನು ಅಳೆಯುವ ಪ್ರಚಲಿತ ಪ್ರಶ್ನಾವಳಿಗಳಲ್ಲಿ ಹಲವು ಬೇರೆ ಭಾಷೆಗಳಲ್ಲಿ ಹುಟ್ಟಿ ಅನುವಾದಗೊಂಡವು. ಚಿಕಿತ್ಸಾರ್ಥಿಗಳ ಸ್ವಂತ ನುಡಿಗಳನ್ನು ದಾಖಲಿಸಿ, ಅವು ತಿಂಗಳಿಂದ ತಿಂಗಳಿಗೆ ಹೇಗೆ ಬದಲಾದುವೆಂಬುದನ್ನು ಪರಿಶೀಲಿಸುವ ಅಧ್ಯಯನಕ್ಕೆ ಕನ್ನಡದಲ್ಲಿ ವಿಪುಲ ಅವಕಾಶವಿದೆ.

ಪ್ರಾಯೋಗಿಕ ಸಂಶೋಧನೆಗಳ ಬೆಳಕು ಮತ್ತು ಮಿತಿ

ಯೋಗವನ್ನು ಪ್ರಯೋಗಾಲಯದ ಪರೀಕ್ಷೆಗೆ ಒಡ್ಡುವ ಪ್ರಯತ್ನ ಹೊಸದಲ್ಲ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ ‘ಯೋಗ ಮೀಮಾಂಸಾ’ ಪತ್ರಿಕೆಯನ್ನು ಆರಂಭಿಸಿದರು. ಕರ್ನಾಟಕದ ಕೊಡುಗೆಯೂ ಗಣನೀಯವಾಗಿದೆ. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು ಉಬ್ಬಸದ 53 ರೋಗಿಗಳಿಗೆ ಎರಡು ವಾರ ಯೋಗಶಿಕ್ಷಣ ನೀಡಿ, ಅಷ್ಟೇ ಸಂಖ್ಯೆಯ ಸಮಾನ ಲಕ್ಷಣದ ರೋಗಿಗಳೊಡನೆ ಹೋಲಿಸಿದ ಅಧ್ಯಯನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಉಬ್ಬಸದ ಬಾಧೆ ಮತ್ತು ಔಷಧದ ಅಗತ್ಯಗಳೆರಡೂ ಯೋಗಾಭ್ಯಾಸಿಗಳಲ್ಲಿ ಹೆಚ್ಚು ತಗ್ಗಿದುದು ಅದರಲ್ಲಿ ಕಂಡುಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ಹದಿನೈದರಂತೆ ಮೂರು ಗುಂಪು ಮಾಡಿ, ಸುದರ್ಶನ ಕ್ರಿಯೆ, ವಿದ್ಯುತ್ ಚಿಕಿತ್ಸೆ ಮತ್ತು ಇಮಿಪ್ರಮೀನ್ ಔಷಧಿಗಳನ್ನು ಹೋಲಿಸಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಸುದರ್ಶನ ಕ್ರಿಯೆಯ ಪರಿಣಾಮ ಔಷಧಿಗೆ ಸಮೀಪವಾಗಿಯೂ, ವಿದ್ಯುತ್ ಚಿಕಿತ್ಸೆಗಿಂತ ಕಡಿಮೆಯಾಗಿಯೂ ಇತ್ತು. ಈ ಎರಡನೆಯ ಅಂಶವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಉಲ್ಲೇಖಿಸುವುದು ಸಂಶೋಧನೆಗೆ ಬಗೆಯುವ ದ್ರೋಹ.

ಅಮೆರಿಕದಲ್ಲಿ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ವ್ಯಕ್ತಿವಿಕಾಸದ ದೃಷ್ಟಿಯಿಂದ ವಿಶೇಷ ಮಹತ್ತ್ವದ್ದು. ಆಘಾತದ ದೀರ್ಘಕಾಲಿಕ ಮಾನಸಿಕ ಪರಿಣಾಮಗಳಿಂದ ಬಳಲುತ್ತಿದ್ದ, ಬೇರೆ ಚಿಕಿತ್ಸೆಗಳಿಂದ ಸಾಕಷ್ಟು ಗುಣ ಕಾಣದಿದ್ದ 64 ಮಹಿಳೆಯರಲ್ಲಿ ಒಂದು ಗುಂಪಿಗೆ ಹತ್ತು ವಾರಗಳ ಯೋಗತರಗತಿ ನಡೆಯಿತು. ಅವಧಿಯ ಕೊನೆಗೆ ಯೋಗದ ಗುಂಪಿನಲ್ಲಿ 31 ಮಂದಿಯಲ್ಲಿ 16 ಮಂದಿಯೂ, ಹೋಲಿಕೆಯ ಗುಂಪಿನಲ್ಲಿ 29 ಮಂದಿಯಲ್ಲಿ 6 ಮಂದಿಯೂ ಆ ವ್ಯಾಧಿಯ ಲಕ್ಷಣಮಿತಿಯಿಂದ ಹೊರಬಂದಿದ್ದರು. ಈ ಬಗೆಯ ಆಘಾತಸಂವೇದಿ ಯೋಗದಲ್ಲಿ ಆಜ್ಞೆಗಿಂತ ಆಹ್ವಾನಕ್ಕೆ, ಏಕರೂಪತೆಗಿಂತ ಆಯ್ಕೆಗೆ ಪ್ರಾಶಸ್ತ್ಯವಿದೆ. ತನ್ನ ದೇಹದ ಮೇಲಿನ ಅಧಿಕಾರವನ್ನು ಕಳೆದುಕೊಂಡವರಿಗೆ ಕೈಯನ್ನು ಎಷ್ಟೆತ್ತರ ಎತ್ತಬೇಕೆಂಬ ನಿರ್ಧಾರವೂ ಚಿಕಿತ್ಸೆಯ ಭಾಗವಾಗುತ್ತದೆ.

ಮೇಲ್ಕಂಡ ಅಧ್ಯಯನಗಳಲ್ಲಿ ಒಂದೊಂದರಲ್ಲಿಯೂ ಒಂದು ನಿಗದಿತ ಕಾರ್ಯಕ್ರಮವನ್ನು ಗುಂಪಿಗೆ ಅನ್ವಯಿಸಲಾಗಿದೆ. ವೈಯಕ್ತಿಕ ಚಿಕಿತ್ಸೆಯಲ್ಲಿ ಪ್ರತಿಯೊಬ್ಬರ ಕ್ರಮವೂ ಬೇರೆಯಾಗಿರುವುದರಿಂದ ಆ ವಿಧಾನ ನೇರವಾಗಿ ಹೊಂದುವುದಿಲ್ಲ. ಹಾಗೆಂದು ವೈಯಕ್ತಿಕ ಚಿಕಿತ್ಸೆ ಪರೀಕ್ಷೆಗೆ ಅತೀತವೆನ್ನುವುದೂ ಸರಿಯಲ್ಲ. ಆಸನಗಳ ಬದಲು ರಚನೆಯ ನಿಯಮಗಳನ್ನು ಸ್ಥಿರವಾಗಿಟ್ಟುಕೊಳ್ಳಬಹುದು. ಒಬ್ಬೊಬ್ಬ ವ್ಯಕ್ತಿಯನ್ನು ದೀರ್ಘಕಾಲ ಅಳೆದು, ಚಿಕಿತ್ಸೆಯ ಮುನ್ನ ಮತ್ತು ನಂತರದ ಸ್ಥಿತಿಗಳನ್ನು ಹೋಲಿಸುವ ಏಕವ್ಯಕ್ತಿ ಅಧ್ಯಯನದ ವಿಧಾನಗಳನ್ನು ಬಳಸಬಹುದು. ಬದಲಾವಣೆ ಏಕೆ ಮಾಡಲಾಯಿತೆಂಬುದರ ದಾಖಲೆಯನ್ನು ಪ್ರತಿ ಭೇಟಿಯಲ್ಲಿಯೂ ಇಡಬೇಕು. ವಿಫಲವಾದ ಪ್ರಸಂಗಗಳನ್ನೂ ಪ್ರಕಟಿಸಬೇಕು.

ಅಧಿಕಾರ ಮತ್ತು ಎಲ್ಲೆಗಳು

ಒಬ್ಬರ ಮುಂದೆ ಒಬ್ಬರು ಕುಳಿತು ನಡೆಸುವ ಚಿಕಿತ್ಸೆಯಲ್ಲಿ ಆಪ್ತತೆ ಹೆಚ್ಚು, ಅಪಾಯವೂ ಹೆಚ್ಚು. ನೋವಿನಲ್ಲಿರುವವರು ತಮಗೆ ನೆಮ್ಮದಿ ಕೊಟ್ಟವರಲ್ಲಿ ಸಹಜವಾಗಿ ಗುರುತ್ವವನ್ನು ಆರೋಪಿಸುತ್ತಾರೆ. ಭಾರತೀಯ ಸಂದರ್ಭದಲ್ಲಿ ಪಾದಮುಟ್ಟಿ ನಮಸ್ಕರಿಸುವುದರಿಂದ ಮೊದಲ್ಗೊಂಡು ಮನೆಯ ಮದುವೆಮಾತುಕತೆಗೆ ಸಲಹೆ ಕೇಳುವವರೆಗೆ ಈ ಭಾವ ವಿಸ್ತರಿಸಬಹುದು. 2010ರ ದಶಕದಲ್ಲಿ ವಿಶ್ವಪ್ರಸಿದ್ಧವಾದ ಹಲವು ಯೋಗಪರಂಪರೆಗಳ ಶಿಕ್ಷಕರ ಮೇಲೆ ಅಧಿಕಾರದ ದುರುಪಯೋಗದ ಆರೋಪಗಳು ಬಹಿರಂಗವಾಗಿ ಕೇಳಿಬಂದುವು. ಗುರುಭಕ್ತಿಯ ಹೆಸರಿನಲ್ಲಿ ಪ್ರಶ್ನೆಗಳನ್ನು ಅದುಮಿದಲ್ಲಿ ಏನಾಗಬಹುದೆಂಬುದನ್ನು ಅವು ತೋರಿಸಿಕೊಟ್ಟಿವೆ.

ಆದ್ದರಿಂದ ಕೆಲವು ಎಲ್ಲೆಗಳು ಅನಿವಾರ್ಯ. ಮುಟ್ಟುವ ಮುನ್ನ ಪ್ರತಿ ಬಾರಿಯೂ ಅನುಮತಿ ಕೇಳಬೇಕು. ಬೇಡವೆನ್ನುವುದು ಅವಿಧೇಯತೆಯೆನಿಸದಂತೆ ನೋಡಿಕೊಳ್ಳಬೇಕು. ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಲು ಅಥವಾ ಕಡಿಮೆ ಮಾಡಲು ಯೋಗಚಿಕಿತ್ಸಕ ಹೇಳಕೂಡದು. ಆತ್ಮಹತ್ಯೆಯ ಯೋಚನೆ, ಭ್ರಮೆ, ಕಾರಣ ತಿಳಿಯದೆ ತೂಕ ಇಳಿಯುವುದು, ಎದೆನೋವು ಮುಂತಾದವು ಕಂಡೊಡನೆ ವೈದ್ಯರ ಬಳಿಗೆ ಕಳುಹಿಸಬೇಕು. ಕಣ್ಣು ಮುಚ್ಚಿ ದೀರ್ಘಕಾಲ ಕುಳಿತುಕೊಳ್ಳುವುದು ಎಲ್ಲರಿಗೂ ಶಾಂತಿದಾಯಕವಲ್ಲ. ಆಘಾತಕ್ಕೊಳಗಾದ ಕೆಲವರಿಗೆ ಅದು ಭಯವನ್ನೇ ಎಬ್ಬಿಸಬಹುದು. ಅಂಥವರಿಗೆ ಕಣ್ಣು ತೆರೆದು, ನೆಲಕ್ಕೆ ತಾಗಿದ ಪಾದಗಳನ್ನು ಗಮನಿಸುವ ಸರಳ ಅಭ್ಯಾಸವೇ ಯೋಗ್ಯ ಆರಂಭ. ಚಿಕಿತ್ಸಾರ್ಥಿಯ ಮತಧರ್ಮವನ್ನು ಗೌರವಿಸಿ, ಆತ ಬಯಸದ ಮಂತ್ರವನ್ನು ಹೇರದಿರುವುದೂ ಇದೇ ವಿವೇಕಕ್ಕೆ ಸೇರಿದ್ದು.

ಅಂತಾರಾಷ್ಟ್ರೀಯ ಯೋಗಚಿಕಿತ್ಸಕರ ಸಂಘ 1989ರಲ್ಲಿ ಅಮೆರಿಕದಲ್ಲಿ ಸ್ಥಾಪನೆಗೊಂಡು, 2012ರಲ್ಲಿ ತರಬೇತಿಯ ಮಾನದಂಡಗಳನ್ನು ಪ್ರಕಟಿಸಿತು. ಪ್ರಮಾಣಪತ್ರಗಳು ಕನಿಷ್ಠ ಅರ್ಹತೆಯನ್ನು ಖಾತ್ರಿಪಡಿಸುತ್ತವೆ. ತನ್ನ ಅಗತ್ಯವನ್ನು ಚಿಕಿತ್ಸಾರ್ಥಿಯಲ್ಲಿ ಕ್ರಮೇಣ ಕಡಿಮೆ ಮಾಡುವ ಮನಸ್ಸನ್ನು ಯಾವ ಪ್ರಮಾಣಪತ್ರವೂ ಕೊಡಲಾರದು. ಅದಕ್ಕೆ ಚಿಕಿತ್ಸಕನ ಸ್ವಂತ ಸಾಧನೆ ಮತ್ತು ತನ್ನನ್ನು ಪ್ರಶ್ನಿಸಬಲ್ಲ ಹಿರಿಯರ, ಸಹೋದ್ಯೋಗಿಗಳ ಸಂಗ ಬೇಕು.

ಉಪಸಂಹಾರ

ವಿಶ್ವಸಂಸ್ಥೆ 2014ರಲ್ಲಿ ಜೂನ್ 21ನ್ನು ಅಂತಾರಾಷ್ಟ್ರೀಯ ಯೋಗದಿನವೆಂದು ಘೋಷಿಸಿದ ಮೇಲೆ ಸಾವಿರಾರು ಜನ ಒಂದೇ ಮೈದಾನದಲ್ಲಿ ಒಂದೇ ಆಸನ ಮಾಡುವ ದೃಶ್ಯ ಯೋಗದ ಸಾರ್ವಜನಿಕ ಮುಖವಾಗಿದೆ. ಜನರಲ್ಲಿ ಆಸಕ್ತಿ ಮೂಡಿಸುವಲ್ಲಿ ಅದರ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಮೈಸೂರಿನ ಯೋಗಶಾಲೆಯಲ್ಲಿ ಸಮೂಹದೊಡನೆ ಆರಂಭವಾಗಿ, ಮದರಾಸಿನಲ್ಲಿ ಒಬ್ಬೊಬ್ಬ ವ್ಯಕ್ತಿಯೆಡೆಗೆ ತಿರುಗಿದ ಪರಂಪರೆಯ ಎರಡನೆಯ ಅರ್ಧ ಈ ದೃಶ್ಯದಲ್ಲಿ ಕಾಣುವುದಿಲ್ಲ. ಮೈದಾನದ ಸಾಲಿನಲ್ಲಿ ನಿಲ್ಲಲಾರದ ವೃದ್ಧರು, ರೋಗಿಗಳು, ಮನನೊಂದವರಿಗೆ ಬೇಕಾದುದು ಆ ಅರ್ಧವೇ.

ವೈಯಕ್ತಿಕ ಯೋಗಚಿಕಿತ್ಸೆಯ ಸಾಫಲ್ಯವನ್ನು ನೋವಿನ ಇಳಿಕೆಯಿಂದ ಮಾತ್ರ ಅಳೆದರೆ ಅದು ಔಷಧಿಯೊಡನೆ ಸ್ಪರ್ಧಿಸುವ ಇನ್ನೊಂದು ಉಪಚಾರವಾಗುತ್ತದೆ. ಆ ಸ್ಪರ್ಧೆಯಲ್ಲಿ ಅನೇಕ ವೇಳೆ ಹಿಂದೆ ಬೀಳುತ್ತದೆ. ಚಿಕಿತ್ಸಾರ್ಥಿ ತನ್ನ ಉಸಿರನ್ನು ತಾನು ಅರಿತನೇ, ತನ್ನ ಮಿತಿಯನ್ನು ಅಂಜಿಕೆಯಿಲ್ಲದೆ ಒಪ್ಪಿದನೇ, ತನ್ನ ಕ್ರಮವನ್ನು ತಾನೇ ತಿದ್ದಿಕೊಳ್ಳಬಲ್ಲನೇ ಎಂಬ ಪ್ರಶ್ನೆಗಳನ್ನು ಜೊತೆಗಿಟ್ಟು ನೋಡಿದಾಗ ಪತಂಜಲಿಯ ವಿನಿಯೋಗ ಪದಕ್ಕೆ ಪೂರ್ಣ ಅರ್ಥ ಬರುತ್ತದೆ. ಬರೆದುಕೊಟ್ಟ ಹಾಳೆಯನ್ನು ಪಕ್ಕಕ್ಕಿಟ್ಟು, ಬೆಳಗಿನ ಹೊತ್ತು ಚಾಪೆಯ ಮೇಲೆ ಕುಳಿತು, ಇಂದು ತನಗೆ ಯಾವುದು ಹಿತವೆಂದು ಆತ ತಾನೇ ನಿರ್ಧರಿಸಿ ಆರಂಭಿಸುವ ದಿನ ಚಿಕಿತ್ಸಕನ ಕೆಲಸ ಮುಗಿಯುತ್ತದೆ.